ಎತ್ತು ಹೂಡದ ದಿನ

ಆ ದಿನ ಮೋಟಾರು ಕೆಟ್ಟದ್ದಕ್ಕೆ ಮೋಟಾರನ್ನು ಬೈಯುವಂತಿಲ್ಲ. ಕೆಡಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳಲು ಹಗುರಾಗುತ್ತದೆ.

ಎರಡನೆಯ ದೊಡ್ಡ ಲಡಾಯಿ ನಡೆದಿದ್ದ ವರ್ಷಗಳು. ನಿಜಾಮರ ಸೀಮೆಯಲ್ಲಿ ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು. ಮೋಟಾರಿನ ಸಾಮಾನು ಚೀಟಿಯ ಮೇಲೂ ಸಿಗುತ್ತಿರಲಿಲ್ಲ. ವಾಂತಿಭೇದಿಗೆ ಸೂಜಿ ಹಾಕುತ್ತ ಊರೂರು ತಿರುಗುವ ಡಾಕ್ಟರ್ ಸಾಹೇಬರೊಬ್ಬರ ಮೋಟಾರನ್ನು ನಾನು ಹೊಡೆಯುತ್ತಿದ್ದೆ. ಸಾಹೇಬರು ಹೈದರಾಬಾದಿನವರು, ಐವತ್ತರ ಆಸುಪಾಸು, ಕಡ್ಡಿಯಂಥ ಮೈ. ಕನ್ನಡ ಕಲಿತದ್ದು ರೋಗಿಗಳ ಬಾಯಿಂದ. ‘ಎಲ್ಲಿ ನೋವು’, ‘ನಾಲಿಗಿ ತಗಿ’, ‘ಅಳಬ್ಯಾಡ’ ಈ ಮೂರು ಮಾತು ನಮ್ಮವರಿಗಿಂತ ಚೆಂದ ಆಡುತ್ತಿದ್ದರು. ಉಳಿದಲ್ಲಿ ಉರ್ದು ತುಂಬಿಕೊಳ್ಳುತ್ತಿದ್ದರು. ಬೇರೆ ಸಾಹೇಬರು ಹಿಂದೆ ಕೂತು ನನ್ನ ಬೆನ್ನಿಗೆ ಹುಕುಂ ಕೊಡುತ್ತಿದ್ದರು. ಇವರು ನನ್ನ ಪಕ್ಕದಲ್ಲಿ ಕೂತು ದಾರಿ ನೋಡುತ್ತಿದ್ದರು. ನನಗೆ ಅವರ ಮೇಲೆ ಜೀವ ಇತ್ತು. ಆ ಮಾತನ್ನು ಆಗ ಯಾರಿಗೂ ಹೇಳಿರಲಿಲ್ಲ.

ಆಳಂದದ ಕ್ಯಾಂಪಿನಲ್ಲಿ ಎರಡು ದಿನದಿಂದ ಅವರ ಹೊಟ್ಟೆ ಕೆಟ್ಟಿತ್ತು. ಏನು ತಿಂದರೂ ನಿಲ್ಲುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಅಫಜಲಪುರದ ಕಡೆ ಭೀಮಾ ದಂಡೆಯ ಹಳ್ಳಿಗಳಲ್ಲಿ ಬೇನೆ ಕಾಣಿಸಿದೆ ಎಂದು ಸುದ್ದಿ ಬಂತು. ಸಾಹೇಬರು ಬಾಯಿ ಮುಕ್ಕಳಿಸಿ, ಔಷಧಿಯ ಪೆಟ್ಟಿಗೆ ಹೊರಿಸಿ, ಮೋಟಾರು ಹತ್ತಿಬಿಟ್ಟರು. ಒಂದು ದಿನ ಮಲಗಿಕೊಳ್ಳಿರಿ ಎಂದು ನಾನು ಹೇಳಿದೆ. ಹೇಳಿದ್ದು ಗಾಳಿಗೆ ಹೋಯಿತು.

ಸಡಕಿನ ಮೇಲೆ ಸುತ್ತಿ ಹೋದರೆ ಬಹಳ ದೂರ. ಅತನೂರದ ಮೇಲೆ ಹಾಯ್ದು ಹೋಗುವ ಗಾಡಿಜಾಡು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಎರೆ ನೆಲ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಮೋಟಾರು ಹೋಗುತ್ತದೆ. ಎಷ್ಟೋ ಸಲ ಹೋಗಿದ್ದೆ ಕೂಡ.

ಆ ಮುಂಜಾವು ಈಗಲೂ ಕಣ್ಣಿಗೆ ಕಟ್ಟಿದೆ. ಜೋಳ ಕಿತ್ತ ಹೊಲಗಳು ಎರಡೂ ಕಡೆ ಬರಿದಾಗಿ ಮಲಗಿದ್ದವು. ಬಿರಿದ ನೆಲದ ಸೀಳುಗಳಲ್ಲಿ ಇನ್ನೂ ಕತ್ತಲೆ ಉಳಿದಿತ್ತು. ಗಾಳಿ ಇರಲಿಲ್ಲ. ದೂರದ ಬೇವಿನ ಗಿಡಗಳು ನೆಲದಿಂದ ಒಂದು ಮೊಳ ಮೇಲೆ ನಿಂತಂತೆ ಕಾಣುತ್ತಿದ್ದವು, ಮೋಟಾರು ಅವುಗಳ ಕಡೆಗೆ ಹೋಗುತ್ತಿದೆಯೋ ಅವೇ ನಮ್ಮ ಕಡೆ ತೇಲಿ ಬರುತ್ತಿವೆಯೋ ತಿಳಿಯುತ್ತಿರಲಿಲ್ಲ. ಸಾಹೇಬರು ಕಿಟಕಿಗೆ ತಲೆ ಆನಿಸಿ, ‘ನಿದ್ದಿ ಬಂದಿಲ್ಲ ಭಾಯಿ, ಆದ್ರ ಕನಸ ಬೀಳಾಕತ್ತದ’ ಎಂದರು. ಜಾಡಿನ ಅಂಚಿಗೆ ಬಾಗಿದ ಜಾಲಿ ಕಂಟಿಯೊಂದು ಮೋಟಾರಿನ ಪಕ್ಕವನ್ನು ಕೆರೆದು ಹೋಯಿತು. ನಾನು ಲಕ್ಷ್ಯ ಕೊಡಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಒಂದು ಬತ್ತಿದ ಹಳ್ಳ ಬಂತು. ಆಳ ಇಲ್ಲ, ಎದೆಯೆತ್ತರದ ದಂಡೆ, ನಡುವೆ ಮರಳು. ಇಂಥಲ್ಲಿ ಮೊದಲು ಇಳಿದು ಕಾಲಿನಿಂದ ಮೆಟ್ಟಿ ನೋಡಬೇಕು. ಗಾಡಿಗಳು ಹೋದ ಗೆರೆ ಬಿಟ್ಟು ಒಂದು ಗೇಣು ಆಚೆ ಹೋಗಬಾರದು. ನಾನು ಇಳಿಯಲಿಲ್ಲ. ಮೊದಲ ಗೇರಿನಲ್ಲಿ ಇಳಿಸಿ, ನಡುವೆ ಬಂದಾಗ ಹಿಂದಿನ ಬಲಗಾಲಿ ಕುಸಿಯಿತು. ಆಗಲಾದರೂ ನಿಲ್ಲಿಸಿ ಸಲಿಕೆ ತೆಗೆದುಕೊಳ್ಳಬೇಕಿತ್ತು. ನನಗೆ ಮೋಟಾರು ಕಲಿಸಿದ ಉಸ್ತಾದರು ಒಂದೇ ಪಾಠವನ್ನು ನೂರು ಸಲ ಹೇಳಿದ್ದರು: ‘ಮರಳಿನಾಗ ಸಿಟ್ಟ ಮಾಡಬ್ಯಾಡ.’ ನಾನು ಸಿಟ್ಟು ಮಾಡಿದೆ. ರೇಸು ಕೊಟ್ಟೆ. ಗಾಲಿ ಗಿರ್ರನೆ ತಿರುಗಿ ಹೊಟ್ಟೆಯ ತನಕ ಹೂತುಕೊಂಡಿತು. ಹಿಂದಕ್ಕೆ ತೆಗೆದೆ, ಮುಂದಕ್ಕೆ ತೆಗೆದೆ. ಒಳಗೆ ‘ಕಟ್’ ಅಂತ ಒಂದು ಸಪ್ಪಳ. ಆಮೇಲೆ ಇಂಜಿನು ಎಷ್ಟು ಕೂಗಿದರೂ ಗಾಲಿ ಮಿಸುಕಲಿಲ್ಲ. ಎಕ್ಸೆಲ್ ತುಂಡಾಗಿತ್ತು.

ಇಂಜಿನು ಆರಿಸಿದೆ. ಎಂಥ ನಿಶ್ಶಬ್ದ ಅಂತೀರಿ! ಕಿವಿಯೊಳಗಿನ ರಕ್ತದ ಸಪ್ಪಳ ಕೇಳಿಸುವಂಥದು.

ಇಳಿದು ಸುತ್ತು ಹಾಕಿ ನೋಡಿದಾಗ ಇನ್ನೊಂದು ಗೊತ್ತಾಯಿತು. ಹೊರಗೆ ತೂಗುಹಾಕಿದ್ದ ಎರಡು ಕಿತ್ತಾನಿನ ದಪ್ಪ ಬಟ್ಟೆಯ ನೀರಿನ ಚೀಲಗಳಲ್ಲಿ ಒಂದು ಚಪ್ಪಟೆಯಾಗಿತ್ತು. ಜಾಲಿಮುಳ್ಳು ಅದನ್ನು ಸೀಳಿ, ನೀರೆಲ್ಲ ದಾರಿಯುದ್ದಕ್ಕೂ ಸುರಿದುಹೋಗಿತ್ತು. ಉಳಿದ ಚೀಲದಲ್ಲಿ ಅರ್ಧಕ್ಕಿಂತ ತುಸು ಮೇಲೆ ಇತ್ತು.

‘ಅತನೂರ ಎಷ್ಟ ದೂರ ಅದ?’ ಸಾಹೇಬರು ಕೇಳಿದರು.

‘ಮೂರ ಮೈಲಿ ಇರಬೇಕ್ರಿ.’

‘ನಡಿ, ನಡಕೋತ ಹೋಗೂಣು. ಅಲ್ಲಿ ಗಿಡಾ ಕಾಣಾಕತ್ತಾವ.’

‘ಅವು ಗಿಡಾ ಹೌದ್ರಿ, ಆದ್ರ ಎಲ್ಲಿ ಅದಾವ ಅನ್ನೂದು ಬಿಸಿಲಿಗಿ ಗೊತ್ತು. ಸಾಹೇಬ್ರ, ಮೋಟಾರ ದೊಡ್ಡದು, ದೂರಿಂದ ಕಾಣ್ತದ. ಮನಷ್ಯಾ ಸಣ್ಣಾಂವ, ಬಿದ್ರ ಕಾಣಂಗಿಲ್ಲ. ನಿಮ್ಮ ಹೊಟ್ಟಿ ಬ್ಯಾರೆ ನೆಟ್ಟಗಿಲ್ಲ. ಮೋಟಾರ ಬಿಟ್ಟ ಹೋಗೂದು ಬ್ಯಾಡ್ರಿ.’

ಅವರು ನಕ್ಕು, ‘ಈಗ ನೀ ಡಾಕ್ಟರ್, ನಾ ಡ್ರೈವರ್’ ಎಂದರು.

ನಾನು ಧೈರ್ಯವಾಗಿದ್ದೆ. ಕಾರಣ, ಜಾಡಿನಲ್ಲಿ ಗಾಡಿಗಳ ಗೆರೆ ಹೊಸದಾಗಿತ್ತು. ಸೆಗಣಿ ಒಡೆದು ನೋಡಿದೆ, ಒಳಗೆ ಇನ್ನೂ ಹಸಿ, ನಿನ್ನೆಯದೇ. ಅಲ್ಲಲ್ಲಿ ತಿಪ್ಪೆಗೊಬ್ಬರ ಚೆಲ್ಲಿತ್ತು. ಮಳೆಗಾಲಕ್ಕೆ ಮುಂಚೆ ಹೊಲಕ್ಕೆ ಗೊಬ್ಬರ ಹೊಡೆಯುವ ದಿನಗಳವು. ಹತ್ತಿಪ್ಪತ್ತು ಗಾಡಿಯಾದರೂ ನಿನ್ನೆ ಈ ಹಳ್ಳ ದಾಟಿದ್ದವು. ಇವತ್ತೂ ಬಂದೇ ಬರುತ್ತವೆ. ಎರಡು ಜೋಡಿ ಎತ್ತು ಸಿಕ್ಕರೆ ಮೋಟಾರೇ ಮೇಲೆ ಬರುತ್ತದೆ. ಬರದಿದ್ದರೂ ಸಾಹೇಬರು ಗಾಡಿಯಲ್ಲಿ ಕೂತು ಊರು ಸೇರುತ್ತಾರೆ. ಹೀಗೆ ಲೆಕ್ಕ ಹಾಕಿ ನಾನು ಕೆಲಸಕ್ಕೆ ಬಿದ್ದೆ.

ಮೊದಲ ಕೆಲಸ ನೆರಳು. ಬಿಸಿಲಲ್ಲಿ ನಿಂತ ಮೋಟಾರಿನ ಒಳಗೆ ಕೂರುವುದೂ ಒಲೆಯಲ್ಲಿ ಕೂರುವುದೂ ಒಂದೇ. ಬಾಗಿಲುಗಳನ್ನೆಲ್ಲ ತೆರೆದಿಟ್ಟೆ. ತಾಡಪತ್ರಿಯ ಒಂದು ಅಂಚನ್ನು ಮೋಟಾರಿನ ತಲೆಗೆ ಕಟ್ಟಿ, ಇನ್ನೊಂದನ್ನು ಹಳ್ಳದ ದಂಡೆಗೆ ಎಳೆದು ಮೇಲೆ ಕಲ್ಲು ಹೇರಿದೆ. ಅದರ ಮೇಲೆ ಹಾಸಿಗೆಯ ಜಮಖಾನೆ, ನಡುವೆ ಒಂದು ಕೈಯಗಲ ಗಾಳಿ ಬಿಟ್ಟು, ಇನ್ನೊಂದು ಚಪ್ಪರದಂತೆ ಹಾಸಿದೆ. ಒಂದೇ ಪದರಿನ ನೆರಳಿಗೂ ಎರಡು ಪದರಿನ ನೆರಳಿಗೂ ಇರುವ ಅಂತರ ಅದರ ಕೆಳಗೆ ಮಲಗಿದವನಿಗೇ ಗೊತ್ತು. ಜಾಕ್ ಹಾಕಿ ಮೋಟಾರನ್ನು ಎತ್ತಿ ಕೆಳಗೆ ಮಲಗಬಹುದಲ್ಲ ಎಂದು ಸಾಹೇಬರು ಕೇಳಿದರು. ಮರಳಿನಲ್ಲಿ ಜಾಕ್ ಯಾವಾಗ ಜಾರುತ್ತದೋ ಹೇಳಲಾಗದು, ಬ್ಯಾಡ್ರಿ ಅಂದೆ.

ಆಮೇಲೆ ನೀರು. ಹಳ್ಳದ ತಿರುವಿನಲ್ಲಿ, ಹೊರದಂಡೆಗೆ ಒತ್ತಿ ವರತಿ ತೋಡಲು ಶುರು ಮಾಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಹೆಂಗಸರು ಹಳ್ಳದ ಮರಳು ಬಗೆದು, ಒಸರಿದ ನೀರನ್ನು ಚರಿಗೆಯಿಂದ ತುಂಬಿಕೊಳ್ಳುತ್ತಾರಲ್ಲ, ಅದೇ. ಮೊಣಕಾಲುದ್ದ ಒಣ ಮರಳು, ಸೊಂಟದುದ್ದಕ್ಕೆ ತಣ್ಣಗಿನ ಮರಳು, ಎದೆಯುದ್ದಕ್ಕೆ ಹಸಿ ಮರಳು. ಆಮೇಲೆ ಬಂಡೆ. ನೀರಿಲ್ಲ. ಬಂಡೆಯ ಮೇಲೆ ಸಲಿಕೆ ಬಡಿದ ಸದ್ದು ಈಗಲೂ ಕೇಳಿದಂತಾಗುತ್ತದೆ. ಹಸಿ ಮರಳನ್ನಾದರೂ ಬಿಡಬಾರದೆಂದು ಹೊತ್ತು ತಂದು ನೆರಳಿನಲ್ಲಿ ದಪ್ಪಗೆ ಹರವಿದೆ. ಸಾಹೇಬರು ಅದರ ತಂಪಾದ ಮೂಲೆಯನ್ನು ಬಗೆದು ಮೊದಲು ಔಷಧಿಯ ಪೆಟ್ಟಿಗೆ ಇಟ್ಟರು, ಆಮೇಲೆ ತಾವು ಮಲಗಿದರು.

ಗಾಡಿ ಬರಲಿಲ್ಲ.

ಅರ್ಧ ತಾಸಿಗೊಮ್ಮೆ ದಂಡೆ ಹತ್ತಿ ನೋಡುತ್ತಿದ್ದೆ. ಒಂದು ಕಣ್ಣು ಜಾಡಿನ ಮೇಲೆ, ಇನ್ನೊಂದು ಪಡುವಣ ಆಕಾಶದ ಮೇಲೆ. ಮೇಲೆಲ್ಲೋ ಮಳೆಯಾದರೆ ಬತ್ತಿದ ಹಳ್ಳವೂ ಹೇಳದೆ ಕೇಳದೆ ತುಂಬಿ ಬಂದುಬಿಡುತ್ತದೆ. ಮೋಡದ ಚೂರೂ ಇರಲಿಲ್ಲ. ಎಲ್ಲ ಕಡೆ ಬಿಸಿಲ್ಗುದುರೆ ಓಡುತ್ತಿತ್ತು. ಹೊಲಗಳೆಲ್ಲ ನೀರಾಗಿ, ಗಿಡಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ನಾನು ಈ ಸೀಮೆಯಲ್ಲೇ ಹುಟ್ಟಿದವನು, ಅದು ಸುಳ್ಳೆಂದು ಬಲ್ಲೆ. ಆದರೂ ಒಂದು ಗಳಿಗೆ, ಅಲ್ಲಿಗೆ ಹೋಗಿ ಕಾಲು ಇಳಿಬಿಟ್ಟು ಕೂತರೆ ಎಷ್ಟು ತಂಪಿರಬಹುದು ಅನ್ನಿಸಿತು.

ಕೆಳಗೆ ಬಂದಾಗ ಸಾಹೇಬರು ತಮ್ಮ ರೋಜಿನ ವಹಿ ತೆಗೆದು ಸೀಸದಕಡ್ಡಿಯಿಂದ ಬರೆಯುತ್ತಿದ್ದರು. ಎಲ್ಲಿದ್ದರೂ ಆ ದಿನದ ಕೆಲಸವನ್ನು ಆ ದಿನವೇ ಬರೆಯುವುದು ಅವರ ಪದ್ಧತಿ.

‘ಇವತ್ತು ಸೋಮವಾರ ಅಲ್ಲಾ ಭಾಯಿ?’

‘ಹೌದ್ರಿ, ಸೋಮವಾರ’ ಅಂದೆ. ಅಂದವನು ಹಾಗೆಯೇ ಕೂತುಬಿಟ್ಟೆ.

ಜೇವರ್ಗಿ ಕಡೆಯ ಕೊಳಕೂರ ನನ್ನ ಊರು. ಅಪ್ಪ ಮಂದಿಯ ಹೊಲದಲ್ಲಿ ಎತ್ತು ಹೊಡೆದು ನಮ್ಮನ್ನು ಸಾಕಿದವನು. ಸೋಮವಾರ ಬಂತೆಂದರೆ ಊರಲ್ಲಿ ಒಂದು ಎತ್ತಿನ ಹೆಗಲಿಗೂ ನೊಗ ಬೀಳುತ್ತಿರಲಿಲ್ಲ. ಅದು ಬಸವಣ್ಣನ ವಾರ. ಎಂಥ ಹಂಗಾಮಿದ್ದರೂ, ಯಾರದೇ ಹೊಲವಿದ್ದರೂ, ಎತ್ತು ಹೂಡಬಾರದು. ಅಪ್ಪ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ತಾನೂ ಅವುಗಳ ಪಕ್ಕದಲ್ಲೇ ಮಲಗಿಬಿಡುತ್ತಿದ್ದ. ಸೋಮವಾರ ಅಂದರೆ ನನಗೆ ಅಪ್ಪ ಮನೆಯಲ್ಲಿರುವ ದಿನ. ಅಂಥದ್ದನ್ನೇ ಮರೆತಿದ್ದೆ. ನಿಜಾಮರ ಸರ್ಕಾರಿ ಚಾಕರಿಗೆ ಬಿದ್ದ ಮೇಲೆ ಶುಕ್ರವಾರ ರಜೆ, ಶನಿವಾರದಿಂದ ಮತ್ತೆ ಗಾಲಿ. ವಾರವೆಂದರೆ ಶುಕ್ರವಾರದಿಂದ ಶುಕ್ರವಾರ ಎಂದು ಮೈಗೆ ರೂಢಿಯಾಗಿಬಿಟ್ಟಿತ್ತು. ನಿನ್ನೆ ಅಷ್ಟೊಂದು ಗಾಡಿ ಓಡಿದ್ದೇಕೆ? ಇವತ್ತು ಓಡುವುದಿಲ್ಲವೆಂದೇ. ಗೊಬ್ಬರವೂ ಸೆಗಣಿಯೂ ನನಗೆ ಸತ್ಯವನ್ನೇ ಹೇಳಿದ್ದವು, ನಾನು ತಿರುಗುಮುರುಗಾಗಿ ಓದಿಕೊಂಡಿದ್ದೆ.

ಸಾಹೇಬರನ್ನು ಒಬ್ಬರನ್ನೇ ಬಿಟ್ಟು ನಾನು ಅತನೂರಿಗೆ ನಡೆಯುವಂತೆಯೂ ಇರಲಿಲ್ಲ. ಅವರಿಗೆ ಇದ್ದದ್ದನ್ನು ಹೇಳಿದೆ. ಬೈಯಲಿಲ್ಲ. ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು.

‘ಕೇಳು. ನನ್ನ ಮೈಯಾಗ ಮೊದಲ ನೀರಿಲ್ಲ. ಈಗ ಬೆವರ ಬರಾಕತ್ತದ, ಅಲ್ಲೀ ತನಕ ಚಲೋ. ಬೆವರ ನಿಂತು ಮೈ ಒಣಗಿ ಸುಡಾಕ ಹತ್ತಿದ್ರ, ನಾ ಹುಚ್ಚುಚ್ಚರೆ ಮಾತಾಡಿದ್ರ, ಆವಾಗಿಂದ ನಾ ನಿನ್ನ ಸಾಹೇಬ ಅಲ್ಲ. ನನ್ನ ಹುಕುಂ ಕೇಳಬ್ಯಾಡ. ನಿನಗ ತಿಳಿದದ್ದು ಮಾಡು.’

‘ಹಂಗನಬ್ಯಾಡ್ರಿ.’

‘ಇದು ಹುಕುಂ. ಕಡೀ ಹುಕುಂ ಅಂತ ತಿಳ್ಕೊ.’

ನೀರನ್ನು ಉಳಿಸಿ ಉಳಿಸಿ ಕುಡಿಯಬೇಕೆಂದು ನಾನು ಅಂದುಕೊಂಡಿದ್ದೆ. ಅದಕ್ಕೂ ಅವರು ಒಪ್ಪಲಿಲ್ಲ. ನೀರಡಿಕೆಯಾದಾಗ ಕುಡಿದುಬಿಡು, ಚೀಲದಲ್ಲಿ ನೀರಿಟ್ಟುಕೊಂಡು ಸತ್ತವರನ್ನು ನೋಡಿದ್ದೇನೆ ಎಂದರು. ನನ್ನ ಬುತ್ತಿಯ ಜೊತೆ ಇದ್ದ ಉಪ್ಪಿನ ಚಿಟಿಕೆಯನ್ನೂ ಬೆಲ್ಲದ ಹರಳನ್ನೂ ಕದಡಿಸಿ ಇಬ್ಬರೂ ಕುಡಿದೆವು. ಅವರಿಗೆ ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನೆತ್ತಿಯ ಮೇಲಿನ ಸೂರ್ಯ ಪಡುವಣಕ್ಕೆ ತುಸು ವಾಲುವ ಹೊತ್ತಿಗೆ ಚೀಲದಲ್ಲಿ ತಳ ಮಾತ್ರ ಉಳಿದಿತ್ತು.

ಬಿಸಿಗಾಳಿ ಎದ್ದಿತು. ತಾಡಪತ್ರಿ ಉಸಿರಾಡುವಂತೆ ಏರುತ್ತ ಇಳಿಯುತ್ತ ಇತ್ತು. ನನಗೆ ಜೋಂಪು ಹತ್ತಿತು. ಎಷ್ಟು ಹೊತ್ತೋ ತಿಳಿಯದು. ಕಣ್ಣು ತೆರೆದರೆ ಪಕ್ಕದಲ್ಲಿ ಸಾಹೇಬರಿಲ್ಲ.

ದಂಡೆ ಹತ್ತಿದೆ. ಸಾಹೇಬರದು ಬರಿಗಾಲು, ಬರಿತಲೆ, ತೋಳಿಲ್ಲದ ಬನಿಯನ್ನು. ಹೊಲದ ನಡುವೆ ಬಿಸಿಲ್ಗುದುರೆಯ ಕಡೆಗೆ ಮೆಲ್ಲಗೆ ನಡೆದು ಹೋಗುತ್ತಿದ್ದರು. ಆ ಸುಳ್ಳುನೀರು ಅವರ ಮೊಣಕಾಲ ತನಕ ಬಂದಂತೆ ಕಾಣುತ್ತಿತ್ತು. ಎಲ್ಲಿ ಮುಳುಗಿಬಿಡುತ್ತಾರೋ ಎಂದು ನಾನು ಕೂಗಿದೆ ನೋಡಿ! ಕೂಗುತ್ತಲೇ ಓಡಿ ಹೋಗಿ ರಟ್ಟೆ ಹಿಡಿದೆ. ಸುಡುತ್ತಿತ್ತು. ಒಂದು ಹನಿ ಬೆವರಿಲ್ಲ.

‘ದೋಣಿ ತಂದೀ ಏನು?’ ನನ್ನ ಮುಖ ನೋಡಿ ಕೇಳಿದರು.

‘ತಂದೇನ್ರಿ, ಆ ಕಡಿ ಅದ. ಬರ್ರಿ’ ಅಂದೆ.

ಎದುರು ಮಾತಾಡಿದ್ದರೆ ಬರುತ್ತಿರಲಿಲ್ಲ. ಸುಳ್ಳಿಗೆ ಸುಳ್ಳು ಕೂಡಿಸಿ ಕರೆದುಕೊಂಡು ಬಂದೆ. ಮಲಗಿಸಿ, ನನ್ನ ತಲೆಗೆ ಸುತ್ತಿದ್ದ ಹತ್ತು ಮೊಳದ ರುಮಾಲು ಬಿಚ್ಚಿ, ಅದರ ಒಂದು ತುದಿಯನ್ನು ಅವರ ಮುಂಗೈಗೂ ಇನ್ನೊಂದನ್ನು ನನ್ನ ಸೊಂಟಕ್ಕೂ ಕಟ್ಟಿಕೊಂಡೆ. ನನ್ನ ಸಾಹೇಬರನ್ನು ನಾನು ದನದ ಹಾಗೆ ಕಟ್ಟಿದ್ದೆ.

ಇನ್ನು ನೀರು ಇದ್ದದ್ದು ಒಂದೇ ಕಡೆ, ಮೋಟಾರಿನ ರೇಡಿಯೇಟರಿನಲ್ಲಿ. ಡ್ರೈವರನಿಗೆ ಅದನ್ನು ತೆಗೆಯುವುದೆಂದರೆ ಮೋಟಾರಿನ ಜೀವ ತೆಗೆದಂತೆ. ಆಮೇಲೆ ಎಕ್ಸೆಲ್ ಸಿಕ್ಕರೂ ಇಂಜಿನು ಚಾಲೂ ಮಾಡುವಂತಿಲ್ಲ. ನಾನು ಕೆಳಗಿನ ತಿರುಪಿಗೆ ಕೈ ಹಾಕಿದ್ದನ್ನು ಕಂಡು ಸಾಹೇಬರು ಎದ್ದು ಕೂತರು. ದನಿ ಎಂದಿನಂತೆಯೇ ಸ್ಪಷ್ಟವಾಗಿತ್ತು, ಹೆದರಿಕೆ ಹುಟ್ಟಿಸಿದ್ದೇ ಅದು.

‘ಖಬರ್ದಾರ್! ಅದಕ್ಕ ಕೈ ಹಚ್ಚಬ್ಯಾಡ. ಅಫಜಲಪುರದ ಮಂದಿ ದಾರಿ ನೋಡಾಕತ್ತಾರ. ಮೋಟಾರ ಚಾಲೂ ಮಾಡು. ನಾ ಹೇಳಾಕತ್ತೇನಿ!’

ಎಂಟು ವರ್ಷದ ಚಾಕರಿಯಲ್ಲಿ ಆ ದನಿಗೆ ಒಮ್ಮೆಯೂ ‘ಇಲ್ಲ’ ಎಂದವನಲ್ಲ. ಒಂದು ಗಳಿಗೆ ಬೆರಳು ತಿರುಪಿನ ಮೇಲೆಯೇ ನಿಂತಿತು. ಖರೆ ಹೇಳುತ್ತಿದ್ದಾರೋ, ತಾಪ ಹೇಳಿಸುತ್ತಿದೆಯೋ? ಹತ್ತಿರ ಹೋಗಿ ಅವರ ಕುತ್ತಿಗೆ ಮುಟ್ಟಿ ನೋಡಿದೆ. ಒಣಗಿ ಕಾದ ಹಂಚು. ವಾಪಸು ಬಂದು ತಿರುಪು ತಿರುಗಿಸಿಬಿಟ್ಟೆ. ಕೆಂಪು ತುಕ್ಕಿನ ನೀರು ಡಬ್ಬಿಯೊಳಗೆ ಸುರಿಯಿತು.

ಬಿಸಿಲಿಗೆ ಕಾದ ತುಕ್ಕುನೀರು ಅದು, ಕುಡಿಯಲು ಬಾರದು. ಆದರೆ ನೀರಿನ ಕೊಡಕ್ಕೆ ಒದ್ದೆ ಅರಿವೆ ಸುತ್ತಿ ಗಾಳಿಗಿಟ್ಟರೆ ಒಳಗೆ ತಂಪಾಗುತ್ತದೆಂದು ನಮ್ಮವ್ವನೂ ಬಲ್ಲಳು. ಹಾಸಿಗೆಯ ಚಾದರ ಅದ್ದಿ ಸಾಹೇಬರಿಗೆ ಕುತ್ತಿಗೆಯಿಂದ ಪಾದದ ತನಕ ಹೊದಿಸಿದೆ. ಗಾಳಿ ಬರುವ ಕಡೆಯ ತಾಡಪತ್ರಿ ಮೇಲೆತ್ತಿದೆ. ಯಾವ ಬಿಸಿಗಾಳಿ ಎದ್ದಾಗ ಬೈದಿದ್ದೆನೋ ಅದನ್ನೇ ಈಗ ಕರೆದೆ. ಚಾದರ ಒಣಗಿದ ಹಾಗೆ ಮತ್ತೆ ಅದ್ದುವುದು, ಹಿಂಡದೆ ಹೊದಿಸುವುದು, ರಟ್ಟು ಹಿಡಿದು ಬೀಸುವುದು. ಚೀಲದ ತಳದ ಕುಡಿಯುವ ನೀರನ್ನು ಮಾತ್ರ ಬೆರಳಿನಿಂದ ಅವರ ತುಟಿಗೆ ಸವರುತ್ತಿದ್ದೆ.

ಕನವರಿಕೆಯಲ್ಲಿ ಅವರು ಮನೆಗೆ ಹೋಗಿದ್ದರು. ಹೈದರಾಬಾದಿನ ಯಾವುದೋ ಅಂಗಳ. ಬಾಗಿಲಿಗೆ ಲಾವಂಚದ ಚಾಪೆ ಕಟ್ಟಿದ್ದಾರೆ, ಯಾರೋ ಅದಕ್ಕೆ ನೀರು ಚಿಮುಕಿಸುತ್ತಿದ್ದಾರೆ, ಅದರ ವಾಸನೆ ಬರುತ್ತಿದೆ. ನನ್ನನ್ನು ಬೇರೆ ಹೆಸರಿನಿಂದ ಕರೆದರು, ಅವರ ತಮ್ಮನ ಹೆಸರಿರಬೇಕು.

‘ಅಮ್ಮಿ ಎದ್ದಳೇನು?’

‘ಎದ್ದಾಳ್ರಿ.’

‘ಸಿಟ್ಟಿಗಿ ಬಂದಾಳ?’

‘ಇಲ್ರಿ. ನಗಾಕತ್ತಾಳ.’

ಅಂಥ ಮಾತು ಎಷ್ಟು ಹೊತ್ತು ನಡೆಯಿತೋ. ಕೊನೆಕೊನೆಗೆ ನನಗೂ ಲಾವಂಚದ ವಾಸನೆ ಬಂದಂತಾಯಿತು. ಒಂದು ಸಲ ಮಾತ್ರ ಮಾತು ನಿಂತು, ಉಸಿರೂ ನಿಂತಂತಾಗಿ, ನಾನು ಅವರ ಎದೆಗೆ ಕಿವಿಯಿಟ್ಟು ಅತ್ತುಬಿಟ್ಟೆ. ಒಳಗೆ ಗುಬ್ಬಿ ಬಡಿದಂತೆ ಬಡಿಯುತ್ತಿತ್ತು. ಅಲ್ಲಾ ಅಂದೆ, ಬಸವಣ್ಣಾ ಅಂದೆ. ಯಾರಾದರೂ ಸರಿ ಅನ್ನುವಂತಾಗಿತ್ತು.

ನೆರಳು ಉದ್ದವಾಗುವಾಗ ಮೊದಲು ಬಂದದ್ದು ಒಂದು ನಾಯಿ. ದಂಡೆಯ ಮೇಲೆ ನಿಂತು ಬೊಗಳಿತು. ಅದರ ಹಿಂದೆ ಕುರಿಗಳು ದಬದಬನೆ ಹಳ್ಳಕ್ಕಿಳಿದವು. ಎತ್ತಿಗೆ ಸೋಮವಾರವಿದ್ದರೂ ಕುರಿಗೆ ಇಲ್ಲ, ಅವು ದಿನಾ ಮೇಯಲೇಬೇಕು. ಇದೂ ನನಗೆ ಹೊಳೆದಿರಲಿಲ್ಲ. ಕೊನೆಗೆ ಕೋಲು ಊರುತ್ತ ಒಬ್ಬ ಮುದುಕಿ ಬಂದಳು.

‘ಯಾರ್ಲೇ ಅದು? ಸತ್ತಾನೋ ಬದಕ್ಯಾನೋ?’

‘ಬದಕ್ಯಾರವ್ವಾ, ಡಾಕ್ಟರ ಸಾಹೇಬ್ರು. ಬಿಸಿಲ ಬಡದದ. ನಿನ್ನ ಕಾಲ ಬೀಳ್ತೇನಿ, ನೀರ ಅದನ?’

‘ಕಾಲ ಆಮ್ಯಾಲ ಬೀಳುವಂತಿ, ಮೊದಲ ಆಚಿ ಸರಿ.’

ಅವಳ ಸೋರೆಬುರುಡೆಯಲ್ಲಿ ನೀರುಮಜ್ಜಿಗೆ ಇತ್ತು. ಸಾಹೇಬರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೂಸಿಗೆ ಕುಡಿಸುವಂತೆ ಹನಿಹನಿಯಾಗಿ ಬಿಟ್ಟಳು. ಸೆರಗಿನ ಗಂಟಿನಿಂದ ಉಳ್ಳಾಗಡ್ಡಿ ತೆಗೆದು, ಕಲ್ಲಿನಿಂದ ಜಜ್ಜಿ ಅಂಗಾಲಿಗೆ ತಿಕ್ಕಿದಳು. ಅವರ ಮುಂಗೈಗೆ ಕಟ್ಟಿದ ರುಮಾಲು ನೋಡಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ದಿಟ್ಟಿಸಿದಳು.

‘ಹಳ್ಳದ ಆಚಿ ನಮ್ಮ ವಸ್ತಿ ಅದ, ಒಂದೂವರಿ ಮೈಲಿ. ಮಂದೀನ ಕರ್ಕೊಂಡ ಬರ್ತೇನಿ. ನೀ ಕುರಿ ನೋಡ್ಕೊ. ಒಂದ ಕಡಿಮಿ ಆದ್ರ ನಿನ್ನ ಚರ್ಮ ಸುಲೀತೇನಿ.’

‘ಯವ್ವಾ, ಇವತ್ತ ಸೋಮವಾರ. ಯಾರ ಗಾಡಿ ಹೂಡ್ತಾರ?’

‘ಅದು ನನಗ ಗೊತ್ತಿಲ್ಲೇನ್ಲೇ, ಭಾಡ್ಯಾ!’ ಎಂದು ಬೈದು, ಆ ವಯಸ್ಸಿನಲ್ಲಿ ನಾನೂ ನಡೆಯಲಾರದ ನಡಿಗೆಯಲ್ಲಿ ಹೊರಟುಹೋದಳು.

ಹೊತ್ತು ಕೆಂಪಾಯಿತು. ಕುರಿಗಳು ನಮ್ಮ ಸುತ್ತ ಒತ್ತೊತ್ತಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಡಬ್ಬಿಯ ತುಕ್ಕುನೀರು ಮುಗಿಯುತ್ತ ಬಂದಿತ್ತು. ಆಗ ದೂರದಿಂದ ಗಾಡಿಗಾಲಿಯ ಕಿರಗುಟ್ಟುವ ಸದ್ದು ಕೇಳಿಸಿತು. ಗಾಲಿಯ ಸದ್ದಿದೆ, ಎತ್ತಿನ ಗೆಜ್ಜೆಯ ಸದ್ದಿಲ್ಲ. ನನಗೂ ಬಿಸಿಲು ಬಡಿಯಿತು, ಇನ್ನು ಮುಗಿಯಿತು ಎಂದುಕೊಂಡೆ. ದಂಡೆಯ ಮೇಲೆ ನೊಗ ಕಾಣಿಸಿತು. ನೊಗದ ಕೆಳಗೆ ಎತ್ತುಗಳಿರಲಿಲ್ಲ, ಮನುಷ್ಯರಿದ್ದರು. ಆ ಕಡೆ ಮೂವರು, ಈ ಕಡೆ ಮೂವರು, ಹಿಂದಿನಿಂದ ನೂಕುವವರು ನಾಲ್ವರು. ಗಾಡಿಯ ತುಂಬ ಹುಲ್ಲು ಹಾಸಿ, ಅದರ ಮೇಲೆ ನೀರಿನ ಕೊಡ ಇಟ್ಟಿದ್ದರು.

ನಾನು ಬಾಯಿ ತೆರೆದು ನಿಂತದ್ದು ಕಂಡು, ನೊಗ ಹೊತ್ತ ಬಿಳಿಮೀಸೆಯ ಹಿರಿಯನೊಬ್ಬ ನಕ್ಕ.

‘ಹಿಂಗ್ಯಾಕ ನೋಡಾಕತ್ತೀಯೋ ತಮ್ಮಾ? ಸೋಮವಾರ ಎತ್ತಿಗಿ. ನಮಗೆಲ್ಲಿ ಸೋಮವಾರ?’

ಮೋಟಾರನ್ನು ಅಲ್ಲಿಯೇ ಬಿಟ್ಟೆವು. ಅದರ ಕಡೆ ತಿರುಗಿಯೂ ನೋಡಲಿಲ್ಲ, ಡ್ರೈವರನಾದವನು ಇದನ್ನು ಹೇಳಬಾರದು. ಸಾಹೇಬರನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಔಷಧಿಯ ಪೆಟ್ಟಿಗೆ ಇಟ್ಟು, ನಾನು ನೊಗಕ್ಕೆ ಹೆಗಲು ಕೊಟ್ಟೆ. ಬೇಡವೆಂದರು, ನಿನ್ನದೇ ಜೀವ ಹೋಗುವಂತಿದೆ ಎಂದರು. ಕೇಳಲಿಲ್ಲ. ದಂಡೆ ಹತ್ತಿಸುವಾಗ ಎಲ್ಲರೂ ಒಂದೇ ಉಸಿರಿಗೆ ‘ಹೋ’ ಎಂದೆವು. ಬಯಲಿಗೆ ಬಂದ ಮೇಲೆ ಗಾಡಿ ತಾನಾಗಿ ಉರುಳತೊಡಗಿತು. ಮುಂದೆ ಕೆಂಪು ಆಕಾಶ, ಸುತ್ತ ಮಸುಕು ಹೊಲ, ಹಿಂದೆ ಕುರಿಗಳ ಧೂಳು. ನನ್ನ ಕಾಲು ನೆಲಕ್ಕೆ ತಾಗುತ್ತಿದ್ದದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನ ಎತ್ತುಗಳು ಹೀಗೆಯೇ ನಡೆಯುತ್ತಿದ್ದವೇನೋ ಅನ್ನಿಸಿತು.

ಮುದುಕಿ ಗಾಡಿಯ ಪಕ್ಕದಲ್ಲಿ ಸಾಹೇಬರ ಹಣೆಯ ಮೇಲೆ ಕೈಯಿಟ್ಟುಕೊಂಡೇ ನಡೆಯುತ್ತಿದ್ದಳು. ವಸ್ತಿಯ ದೀಪ ಕಾಣುವ ಹೊತ್ತಿಗೆ, ‘ಹಣಿ ಹಸಿ ಆತಲೇ ತಮ್ಮಾ, ಬೆವರಾಕತ್ತಾನ’ ಎಂದು ಕೂಗಿದಳು. ನೊಗದ ಕೆಳಗೆ ಇದ್ದವನು ನಿಲ್ಲುವಂತಿರಲಿಲ್ಲ. ನಡೆಯುತ್ತಲೇ ಅತ್ತೆ. ಪಕ್ಕದವನು ನೋಡಿದರೂ ನೋಡದವನಂತೆ ಇದ್ದುಬಿಟ್ಟ.

ವಸ್ತಿಯಲ್ಲಿ ಹೊರಸಿನ ಮೇಲೆ ಮಲಗಿಸಿದರು. ಮಜ್ಜಿಗೆ ಕೊಟ್ಟರು, ಹುಣಸೆಯ ಪಾನಕ ಕೊಟ್ಟರು. ಈ ಸಲ ಹೊಟ್ಟೆಯಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಕಣ್ಣು ತೆರೆದು, ನನ್ನ ಹೆಸರು ಹಿಡಿದು, ನನ್ನದೇ ಹೆಸರು ಹಿಡಿದು ಕರೆದರು.

‘ನಾವು ಇಲ್ಲಿಗಿ ಹ್ಯಾಂಗ ಬಂದಿವಿ?’

ಹೇಳಿದೆ. ಅವರು ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿದರು. ಕೊಟ್ಟಿಗೆಯಲ್ಲಿ ಮೈ ತೊಳೆಸಿಕೊಂಡು ವಿಭೂತಿ ಹಚ್ಚಿಸಿಕೊಂಡು ಮೇಯುತ್ತಿದ್ದ ಎತ್ತುಗಳನ್ನು ನೋಡಿದರು. ಆಮೇಲೆ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಆ ಮಂದಿಯನ್ನು.

‘ನನ್ನ ಪೆಟ್ಟಿಗಿ ತಾ. ದೀಪ ಹತ್ರ ಹಿಡಿ.’

ಮಲಗಿಕೊಳ್ಳಿರಿ ಎಂದೆ. ಈ ಸಲ ಅವರು ಹೇಳಿದಂತೆ ನಾನು ಕೇಳಬೇಕಾಯಿತು. ಮೊಳಕೈ ಊರಿ ಎದ್ದು ಕೂತರು. ಹಿರಿಯನನ್ನು ಹತ್ತಿರ ಕರೆದು ಅಂಗಿ ಸರಿಸಲು ಹೇಳಿದರು. ಹೆಗಲ ಮೇಲೆ ನೊಗ ಉಜ್ಜಿ ಚರ್ಮ ಕಿತ್ತು ರಕ್ತ ಬಂದಿತ್ತು. ಸಾಹೇಬರು ಅದನ್ನು ಒರೆಸಿ ಟಿಂಚರ್ ಹಚ್ಚಿದರು. ಹಿರಿಯ ‘ಅಯ್ಯಯ್ಯಪ್ಪೋ’ ಎಂದು ಹಾರಿಬಿದ್ದ. ಉಳಿದವರೆಲ್ಲ ನಕ್ಕರು, ತಮ್ಮ ಸರದಿ ಬಂದಾಗ ತಾವೂ ಹಾರಿದರು. ‘ಅಳಬ್ಯಾಡ’ ಎಂದು ಸಾಹೇಬರು ಎಲ್ಲರಿಗೂ ಹೇಳುತ್ತಿದ್ದರು. ಕೈ ನಡುಗುತ್ತಿದ್ದದ್ದರಿಂದ ಔಷಧಿ ಅರ್ಧ ಹೆಗಲಿಗೆ, ಅರ್ಧ ನೆಲಕ್ಕೆ. ಎಲ್ಲರದೂ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

‘ನಿನ್ನ ಹೆಗಲ ತೋರ್ಸು.’

‘ನನಗೇನೂ ಆಗಿಲ್ರಿ.’

‘ತೋರ್ಸು ಅಂದೆ.’

ಅಂಗಿ ಬಿಚ್ಚಿ ಅವರ ಮುಂದೆ ನೆಲದ ಮೇಲೆ ಕೂತೆ. ಅವರು ಗಾಯ ಒರೆಸಿದರು. ಒಂದು ಕೈಯಿಂದ ಟಿಂಚರ್ ಹಚ್ಚುತ್ತ, ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟು, ಉರಿ ಆರುವ ತನಕ ತೆಗೆಯಲಿಲ್ಲ.